ಬೋಟು ದಡದಲ್ಲಿದ್ದಾಗ ಜೀವನಾಂಶ

ಪ್ರಶ್ನೆ: ಮಲ್ಪೆಯಲ್ಲಿ ಸ್ವಂತ ಬೋಟಿರುವ ನನ್ನ ಪತಿ ಬೇರೆಯಾಗಿ ವಾಸಿಸುತ್ತಿದ್ದು, ಮೀನುಗಾರಿಕೆ ನಿಷೇಧವಿರುವ ಜೂನ್, ಜುಲೈಯಲ್ಲಿ ಸಂಪಾದನೆಯಿಲ್ಲವೆಂದು ಮಗಳ ಖರ್ಚಿಗೆ ಹಣ ಕೊಡುವುದಿಲ್ಲ. ಜೀವನಾಂಶದ ಮೊತ್ತವನ್ನು ಹೇಗೆ ನಿರ್ಧರಿಸುತ್ತಾರೆ?
– ಓದುಗರೊಬ್ಬರು, ಉಡುಪಿ

ಉತ್ತರ: ಇದಕ್ಕೆ ಸಿದ್ಧ ಸೂತ್ರವಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಅಡಿ ನೀವು ಅರ್ಜಿ ಸಲ್ಲಿಸಿದರೆ, ಸುಪ್ರೀಂ ಕೋರ್ಟಿನ 2020ರ ತೀರ್ಪಿನಂತೆ ಇಬ್ಬರೂ ಆಸ್ತಿ, ಆದಾಯ, ಸಾಲಗಳ ವಿವರವನ್ನು ಅಫಿಡವಿಟ್‌ನಲ್ಲಿ ಕೊಡಬೇಕಾಗುತ್ತದೆ; ನ್ಯಾಯಾಲಯವು ಮಗುವಿನ ಅಗತ್ಯಗಳನ್ನೂ ತಂದೆತಾಯಿಯ ಆರ್ಥಿಕ ಶಕ್ತಿಯನ್ನೂ ತೂಗಿ ಮೊತ್ತವನ್ನು ನಿಗದಿಪಡಿಸುತ್ತದೆ. ಬೋಟಿನ ಆದಾಯವನ್ನು ಇಡೀ ವರ್ಷದ ಲೆಕ್ಕದಲ್ಲಿ ನೋಡುವುದೇ ನ್ಯಾಯವಾದ್ದರಿಂದ ನಿಮ್ಮ ಪತಿಯ ವಾದ ದುರ್ಬಲವೆಂದೇ ನನ್ನ ಅಭಿಪ್ರಾಯ (ಶಾಲೆಯ ಶುಲ್ಕ ಕಟ್ಟಬೇಕಾದದ್ದೂ ಜೂನ್ ಹೊತ್ತಿಗೇ ಅಲ್ಲವೇ!). ಬೋಟಿನ ನೋಂದಣಿ, ಡೀಸೆಲ್ ಸಬ್ಸಿಡಿ, ಮೀನು ಮಾರಾಟದ ಚೀಟಿಗಳ ಪ್ರತಿಗಳನ್ನು ಒದಗಿಸಿ. ಜೀವನಾಂಶವನ್ನು ಅರ್ಜಿ ಸಲ್ಲಿಸಿದ ದಿನದಿಂದಲೇ ಲೆಕ್ಕ ಹಾಕಬೇಕೆಂದು ಅದೇ ತೀರ್ಪು ಹೇಳಿರುವುದರಿಂದ ತಡಮಾಡಬೇಡಿ.