ಜೋರ್ಕ್‌ನಲ್ಲಿ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಿದ್ದರೆ

ಜೋರ್ಕ್ 1 (1980) ಎಂಬುದು ಆದೇಶ ಟೈಪ್ ಮಾಡುತ್ತಾ ಆಡುವ, ಪಠ್ಯದಲ್ಲೇ ನಡೆಯುವ ಕಂಪ್ಯೂಟರ್ ಆಟ. ಅದರ ಚಕ್ರವ್ಯೂಹದಲ್ಲಿ ಬಹುತೇಕ ಎಲ್ಲ ಕಡೆಯೂ ಒಂದೇ ವಿವರಣೆ ಬರುತ್ತದೆ. ಎಷ್ಟು ಸುತ್ತಿದರೂ ಅದೇ ಜಾಗಕ್ಕೆ ಬರುತ್ತಿದ್ದರೆ, ಬಹುಶಃ ವಾಪಸ್ ಬರುವಾಗ ದಿಕ್ಕು ಉಲ್ಟಾ ಮಾಡುತ್ತಿದ್ದೀರಿ. ಅಲ್ಲಿ ಉತ್ತರಕ್ಕೆ ಹೋಗಿ ದಕ್ಷಿಣಕ್ಕೆ ತಿರುಗಿದರೆ ಹೊರಟಲ್ಲಿಗೇ ಬರುವ ಖಾತ್ರಿ ಇಲ್ಲ.

ಮೊದಲು 'ಸೇವ್' ಕೊಟ್ಟು ಆಟ ಉಳಿಸಿಕೊಳ್ಳಿ. ಲಾಟೀನು ಬೇಗ ಮುಗಿಯುತ್ತದೆ, ಕತ್ತಲಾದರೆ ಗ್ರೂ ಎಂಬ ಕತ್ತಲ ಪ್ರಾಣಿ ತಿಂದುಹಾಕುತ್ತದೆ. ಆಮೇಲೆ ಒಂದೊಂದು ಕೋಣೆಯಲ್ಲಿ ಒಂದೊಂದು ಬೇರೆ ವಸ್ತು 'ಡ್ರಾಪ್' ಮಾಡಿ ಗುರುತಿಗೆ ಬಿಡುತ್ತಾ ಕಾಗದದಲ್ಲಿ ನಕ್ಷೆ ಬರೆಯಿರಿ. ಬಾಟಲಿ, ಕರಪತ್ರದಂಥ ಚಿಲ್ಲರೆ ಸಾಮಾನೇ ಸಾಕು. ಬೆಲೆಬಾಳುವುದನ್ನು ಆಟದಲ್ಲಿ ಓಡಾಡುವ ಕಳ್ಳ ಎತ್ತಿಕೊಂಡು ಹೋಗುತ್ತಾನೆ. ಚಿಲ್ಲರೆಯನ್ನೂ ಒಮ್ಮೊಮ್ಮೆ ಜರುಗಿಸುತ್ತಾನೆ, ಹಾಗಾಗಿ ಒಂದೇ ಗುರುತನ್ನು ಪೂರ್ತಿ ನಂಬಬೇಡಿ.

ಒಗಟು ಸಾಕಾದರೆ ಇದೇ ಥರದ ಪಠ್ಯದ ಆಟವಾದ 1998ರ ಫೋಟೋಪಿಯಾ ಆಡಿ. ಅದರಲ್ಲಿ ಕಥೆಯೇ ಜಾಸ್ತಿ.