ಕಾಶಿಯ ಮಹಾರಾಜರು ಇಂಗ್ಲೆಂಡಿನಲ್ಲಿ ತೋಡಿಸಿದ ಬಾವಿ

ಪ್ರಶ್ನೆ: ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಕಾಶಿಯ ಮಹಾರಾಜರು ತೋಡಿಸಿದ ಕುಡಿಯುವ ನೀರಿನ ಬಾವಿಯಿದೆ ಎಂದು ಪರಿಚಿತರೊಬ್ಬರು ಹೇಳಿದರು. ಇದು ನಿಜವೇ? ವರ್ಷವಿಡೀ ಮಳೆ ಬೀಳುವ ಆ ನಾಡಿನಲ್ಲಿ ನೀರಿಗೆ ಬರವೇಕೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಜ. ಆ ಬಾವಿ ಇರುವುದು ಆಕ್ಸ್‌ಫರ್ಡ್‌ಷೈರ್ ಕೌಂಟಿಯ ಸ್ಟೋಕ್ ರೋ ಎಂಬ ಸಣ್ಣ ಹಳ್ಳಿಯಲ್ಲಿ. ಚಿಲ್ಟರ್ನ್ ಗುಡ್ಡಗಳ ಮೇಲಿರುವ ಈ ಊರಿನ ನೆಲದಡಿ ಇರುವುದು ಸೀಮೆಸುಣ್ಣದ ಕಲ್ಲು. ಸುರಿದ ಮಳೆಯನ್ನೆಲ್ಲ ಅದು ಹೀರಿಕೊಂಡು ಪಾತಾಳಕ್ಕೆ ಇಳಿಸಿಬಿಡುತ್ತದೆ. ಹೀಗಾಗಿ ಜನರು ಜೇಡಿಮಣ್ಣಿನ ಹೊಂಡಗಳಲ್ಲಿ ನಿಂತ ಕೊಳಕು ನೀರನ್ನೇ ನಂಬಿದ್ದರು. ಬೇಸಗೆಯಲ್ಲಿ ಅದೂ ಬತ್ತಿದರೆ ದೂರದಿಂದ ಹೊತ್ತು ತರಬೇಕಿತ್ತು.

ಪಕ್ಕದ ಇಪ್ಸ್‌ಡನ್ ಊರಿನ ಮನೆತನದವರಾದ ಎಡ್ವರ್ಡ್ ರೀಡ್ ಎಂಬ ಅಧಿಕಾರಿ ದಶಕಗಳ ಕಾಲ ಉತ್ತರ ಭಾರತದಲ್ಲಿ ಕೆಲಸ ಮಾಡಿದವರು. ಅವರು 1831ರಲ್ಲಿ ಅಜಂಗಢದಲ್ಲಿ ಜನರಿಗಾಗಿ ಬಾವಿ ತೋಡಿಸಲು ನೆರವಾಗಿದ್ದರು. ತಮ್ಮ ಕಡೆಯ ಹಳ್ಳಿಗಳ ನೀರಿನ ಕಷ್ಟವನ್ನೂ, ಮನೆಯಲ್ಲಿ ಉಳಿದಿದ್ದ ಕೊನೆಯ ಗುಟುಕನ್ನು ಕುಡಿದದ್ದಕ್ಕೆ ಹುಡುಗನೊಬ್ಬ ಪೆಟ್ಟು ತಿಂದ ಸಂಗತಿಯನ್ನೂ ಅವರು ಕಾಶಿಯ ಮಹಾರಾಜ ಈಶ್ವರೀ ಪ್ರಸಾದ ನಾರಾಯಣ ಸಿಂಹರಿಗೆ ಹೇಳಿದ್ದರಂತೆ. ರೀಡ್ 1860ರಲ್ಲಿ ನಿವೃತ್ತರಾಗಿ ಊರಿಗೆ ಮರಳಿದ ಮೇಲೂ ಮಹಾರಾಜರು ಆ ಮಾತನ್ನು ಮರೆಯಲಿಲ್ಲ. 1857ರ ದಂಗೆಯಲ್ಲಿ ಕಾಶಿಯ ಅರಸರು ಬ್ರಿಟಿಷರ ಪರವಾಗಿ ನಿಂತಿದ್ದರೆಂಬುದನ್ನು ಇಲ್ಲಿ ಮರೆಮಾಚಬೇಕಾಗಿಲ್ಲ. ಆದರೆ ರಾಜನಿಷ್ಠೆಯನ್ನು ತೋರಿಸಲು ಬೇರೆ ದಾರಿಗಳು ಬೇಕಾದಷ್ಟಿದ್ದವು. ಕಂಡಿಲ್ಲದ ಊರಿನ ಬಡವರ ಬಾಯಾರಿಕೆಯನ್ನು ನೆನಪಿಟ್ಟುಕೊಂಡದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ.

1863ರ ಮಾರ್ಚ್‌ನಲ್ಲಿ ಅಗೆತ ಶುರುವಾಯಿತು. ಬಾವಿಯ ಅಗಲ ಕೇವಲ 4 ಅಡಿ, ಆಳ 368 ಅಡಿ. ಎರಡೂ ಕೈಗಳನ್ನು ಪೂರ್ತಿ ಚಾಚಲಾಗದಷ್ಟು ಇಕ್ಕಟ್ಟಿನ ಆ ಕೊಳವೆಯಂಥ ಗುಂಡಿಯೊಳಗೆ ಇಳಿದು, ಮೂವತ್ತು ಅಂತಸ್ತಿನ ಕಟ್ಟಡದಷ್ಟು ಆಳಕ್ಕೆ ಕೈಯಿಂದಲೇ ಅಗೆಯುತ್ತ ಹೋದ ಕೂಲಿಕಾರರನ್ನು ನೆನೆದರೆ ಇಂದಿಗೂ ಉಸಿರು ಕಟ್ಟುತ್ತದೆ. ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬವಾದ 1864ರ ಮೇ 24ರಂದು ಬಾವಿ ಊರಿನವರಿಗೆ ತೆರೆಯಿತು. ಖರ್ಚಾದದ್ದು 353 ಪೌಂಡ್‌ಗಿಂತ ತುಸು ಹೆಚ್ಚು. ನೀರಿಗೆ ಯಾರೂ ಕಾಸು ಕೊಡಬೇಕಾಗಿರಲಿಲ್ಲ. ನಿರ್ವಹಣೆಯ ಖರ್ಚಿಗೆಂದು ಪಕ್ಕದಲ್ಲಿ ಚೆರ್ರಿ ತೋಟ ಬೆಳೆಸಿ, ಅದಕ್ಕೆ ಮಹಾರಾಜರ ಹೆಸರಿನ ನೆನಪಿಗೆ ‘ಈಶ್ರೀ ಬಾಗ್’ ಎಂದು ಹೆಸರಿಟ್ಟರು. ಕಾವಲುಗಾರನಿಗೆ ಪುಟ್ಟ ಮನೆಯನ್ನೂ ಕಟ್ಟಿಸಿದರು. ನಮ್ಮಲ್ಲಿ ಅರವಟ್ಟಿಗೆಗೆ ಜಮೀನು ಬಿಡುತ್ತಿದ್ದ ಪದ್ಧತಿಯಂಥದ್ದೇ ಏರ್ಪಾಡು ಇದು.

ಪ್ರಶ್ನೆ: ಆ ಬಾವಿ ಈಗಲೂ ಇದೆಯೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಇದೆ. ಕಂಬಗಳ ಮೇಲೆ ನಿಂತ ಗುಮ್ಮಟ, ಅದರಡಿ ಕಬ್ಬಿಣದ ರಾಟೆ, ರಾಟೆಯ ಮೇಲೆ ಚಿನ್ನದ ಬಣ್ಣದ ಆನೆ ಎಲ್ಲವೂ ಹಾಗೆಯೇ ಇವೆ. ತುಂಬಿದ ಬಕೆಟ್ ಒಂದು ಸಲ ಮೇಲೆ ಬರಬೇಕಾದರೆ ಹತ್ತು ನಿಮಿಷದಷ್ಟು ಹೊತ್ತು ರಾಟೆ ತಿರುಗಿಸಬೇಕಿತ್ತು. ಆದ್ದರಿಂದ ನಲ್ಲಿ ನೀರು ಬಂದ ಮೇಲೆ ಬಳಕೆ ನಿಂತಿತು. 1964ರಲ್ಲಿ ನೂರು ವರ್ಷ ತುಂಬಿದಾಗ ಆಗಿನ ರಾಣಿ ಎರಡನೇ ಎಲಿಜಬೆತ್ ಅವರ ಪತಿ ಫಿಲಿಪ್ ಅವರೂ ಬಂದಿದ್ದ ಸಮಾರಂಭದಲ್ಲಿ, ಕಾಶಿಯಿಂದ ತಂದ ಗಂಗಾಜಲವನ್ನು ಆ ಬಾವಿಯ ನೀರಿನೊಂದಿಗೆ ಬೆರೆಸಲಾಯಿತು.