ಸೈಕಲ್ ಬೇಡ, ಸಂತೆಗೆ ಹೋಗಬೇಕು

ಸೋಮವಾರಪೇಟೆ ತಾಲ್ಲೂಕಿನ ತಾಯಿಯೊಬ್ಬರು ಬರೆದಿದ್ದಾರೆ. ಮಗಳಿಗೆ 24 ವರ್ಷ, ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಕೈಕಾಲು ಹಿಡಿತಕ್ಕೆ ಸಿಗುವುದಿಲ್ಲ. ಮಾತು ತಾಯಿಗೆ ಮಾತ್ರ ಅರ್ಥವಾಗುತ್ತದೆ. ತಿಂಗಳಿಗೆ 1,400 ರೂಪಾಯಿ ಮಾಸಾಶನ ಬರುತ್ತದೆ. ಮೆಲ್ಬರ್ನ್‌ನಲ್ಲಿರುವ ತಂಗಿಯ ಮಗನಿಗೂ ಇದೇ ತೊಂದರೆ. ಆದರೆ ಅಲ್ಲಿ ಅವನ ಹೆಸರಿಗೇ ಸರ್ಕಾರ ಹಣ ಇಡುತ್ತದಂತೆ. ಯಾರು ಬಂದು ನೋಡಿಕೊಳ್ಳಬೇಕು ಅಂತ ಅವನೇ ಹೇಳುತ್ತಾನಂತೆ. ‘ಇದು ನಿಜವಾ? ನಮ್ಮಲ್ಲಿ ಹಾಗೆ ದುಡ್ಡು ಕೈಗೆ ಕೊಟ್ಟರೆ ಮನೆಯವರೇ ಖರ್ಚು ಮಾಡಿಬಿಡ್ತಾರೆ ಅಲ್ವಾ?’ ಎಂದು ಕೇಳಿದ್ದಾರೆ.

ಅಕ್ಕ, ನಿಜ. ಆಸ್ಟ್ರೇಲಿಯಾದಲ್ಲಿ 2013ರಲ್ಲಿ ಇದಕ್ಕೆಂದೇ ಕಾಯಿದೆ ಬಂತು. ಒಬ್ಬೊಬ್ಬರ ಅಗತ್ಯ ನೋಡಿ ಒಬ್ಬೊಬ್ಬರಿಗೆ ಬೇರೆ ಬೇರೆ ಮೊತ್ತ ಗೊತ್ತು ಮಾಡುತ್ತಾರೆ. ಆ ಹಣವನ್ನು ತಾವೇ ನೋಡಿಕೊಳ್ಳಬಹುದು, ಲೆಕ್ಕ ಇಡಲು ಇನ್ನೊಬ್ಬರನ್ನು ಇಟ್ಟುಕೊಳ್ಳಬಹುದು, ಇಲ್ಲವೇ ಸರ್ಕಾರದ ಸಂಸ್ಥೆಗೇ ಬಿಡಬಹುದು. ಸ್ವೀಡನ್ನಿನಲ್ಲಿ ಸಹಾಯಕರನ್ನು ಇಟ್ಟುಕೊಳ್ಳುವ ಹಕ್ಕು 1994ರಿಂದ ಕಾನೂನಾಗಿದೆ. ಇಂಗ್ಲೆಂಡ್‌ನಲ್ಲಿ ನೆರವಿನ ಹಣವನ್ನು ನೇರವಾಗಿ ಕೈಗೆ ಕೊಡಲು 1996ರಲ್ಲಿ ಕಾಯಿದೆ ಬಂತು. ಇದರ ಬೇರು ಇನ್ನೂ ಹಿಂದಿನದು. ಅಮೆರಿಕದ ಬರ್ಕ್ಲಿಯಲ್ಲಿ ಎಡ್ ರಾಬರ್ಟ್ಸ್ ಎಂಬವರಿದ್ದರು. ಪೋಲಿಯೊದಿಂದ ಕತ್ತಿನ ಕೆಳಗೆ ಹೆಚ್ಚುಕಡಿಮೆ ಚಲನೆಯೇ ಇರಲಿಲ್ಲ, ಉಸಿರಾಡಲು ಯಂತ್ರ ಬೇಕಿತ್ತು. ತನ್ನನ್ನು ಎತ್ತಿ ಕೂರಿಸುವವರು ಯಾರು ಅನ್ನುವುದನ್ನು ತಾನೇ ತೀರ್ಮಾನಿಸಬೇಕು ಎಂದು ಹಟ ಹಿಡಿದವರು ಅವರು. 1972ರಲ್ಲಿ ಅಲ್ಲಿ ಶುರುವಾದ, ವಿಕಲಚೇತನರೇ ನಡೆಸುವ ಸ್ವತಂತ್ರ ಬದುಕಿನ ಕೇಂದ್ರದ ಹಿಂದೆ ಅವರೂ ಅವರ ಗೆಳೆಯರೂ ಇದ್ದರು.

ದುಡ್ಡು ಪೋಲಾಗುತ್ತದೆ ಅನ್ನುವ ಭಯ ಅಲ್ಲಿಯೂ ಇತ್ತು. ಇಂಗ್ಲೆಂಡ್‌ನಲ್ಲಿ ಸಾಮಾನ್ಯವಾಗಿ ಇದಕ್ಕೇ ಪ್ರತ್ಯೇಕ ಬ್ಯಾಂಕ್ ಖಾತೆ ಕೇಳುತ್ತಾರೆ, ರಸೀದಿ ಇಡಬೇಕು. ಒಂದೇ ಮನೆಯಲ್ಲಿರುವ ಹತ್ತಿರದ ನೆಂಟರಿಗೆ ಆ ಹಣದಿಂದ ಸಂಬಳ ಕೊಡಬೇಕಾದರೆ ವಿಶೇಷ ಒಪ್ಪಿಗೆ ಬೇಕು. ಲೆಕ್ಕ ಕೇಳುವುದು ತಪ್ಪಲ್ಲ. ಆದರೆ ಒಂದು ಮಾತು ಹೇಳುತ್ತೇನೆ. ಬೇರೆಯವರು ಆರಿಸಿ ಕೊಟ್ಟ ವಸ್ತುವೂ ಪೋಲಾಗುತ್ತದೆ, ಅದರ ಲೆಕ್ಕ ಯಾರೂ ಕೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ವಿರಾಜಪೇಟೆ ಕಡೆಯ ಒಂದು ಮನೆಗೆ ಹೋಗಿದ್ದೆ. ರಸ್ತೆಯಿಂದ ಮನೆಗೆ ಕೆಂಪು ಮಣ್ಣಿನ ಇಳಿಜಾರು, ನಡುವೆ ಕಲ್ಲಿನ ಮೆಟ್ಟಿಲು. ಅಂಗಳದ ಮೂಲೆಯಲ್ಲಿ ಹೊಚ್ಚ ಹೊಸ ಮೂರು ಚಕ್ರದ ಸೈಕಲ್. ಸೀಟಿನ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ಹ್ಯಾಂಡಲ್ ಮೇಲೆ ಕಾಳುಮೆಣಸಿನ ಚೀಲ ಒಣಗಲು ಹಾಕಿದ್ದರು, ಕೆಳಗೆ ಕೋಳಿಗಳು. ಆ ಮನೆಯ ಅಣ್ಣನಿಗೆ ಎರಡೂ ಕಾಲಿಗೆ ಬಲವಿಲ್ಲ. ‘ಈ ಇಳಿಜಾರಲ್ಲಿ ಇದನ್ನ ಎಲ್ಲಿ ಓಡಿಸ್ಲಿ? ವಾರಕ್ಕೊಂದ್ಸಲ ಸಂತೆಗೆ ಹೋಗೋಕೆ ಆಟೋ ಬಾಡಿಗೆ ಕೊಟ್ಟಿದ್ರೆ ಸಾಕಿತ್ತು’ ಅಂದರು. ಅವರಿಗೆ ಏನು ಬೇಕು ಅಂತ ಯಾರೂ ಕೇಳಿಯೇ ಇರಲಿಲ್ಲ. ಆ ಸೈಕಲ್ ನೆನಪಾದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಂತ ಬರೀ ದುಡ್ಡು ಬಂದರೆ ಎಲ್ಲ ಸರಿಹೋಗುತ್ತದೆ ಎಂದೂ ನಾನು ಹೇಳಲಾರೆ. ಆಸ್ಟ್ರೇಲಿಯಾದ ದೂರದ ಊರುಗಳಲ್ಲಿ ಹಣವಿದ್ದರೂ ಸಹಾಯಕರು ಸಿಗದೆ ಜನ ಒದ್ದಾಡುತ್ತಾರೆ. ನಮ್ಮ ಕೊಡಗಿನಲ್ಲಿ ಇನ್ನೂ ಕಷ್ಟ. ಕಾಫಿ ಕೊಯ್ಲಿನ ಕಾಲದಲ್ಲಿ ತೋಟಕ್ಕೇ ಆಳು ಸಿಗುವುದಿಲ್ಲ. ಜುಲೈ ಮಳೆಯಲ್ಲಿ ಮರ ಬಿದ್ದರೆ ಬಸ್ಸೂ ಇಲ್ಲ. ಪಕ್ಕದ ಮನೆಯ ಹುಡುಗಿಗೆ ತರಬೇತಿ ಕೊಟ್ಟು, ದಿನಕ್ಕೆ ಮೂರು ಗಂಟೆಯ ಸಂಬಳ ಕೊಡುವಂತಾದರೆ ಮಾತ್ರ ಇದು ಇಲ್ಲಿ ನಡೆದೀತು ಎಂದು ನನಗೆ ಅನಿಸುತ್ತದೆ.

ನಮ್ಮ ಕಾಯಿದೆ ಏನೂ ಬರಿಗೈಯಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 38ನೇ ಸೆಕ್ಷನ್ ಪ್ರಕಾರ, ಜಾಸ್ತಿ ನೆರವು ಬೇಕಾದವರು ಅದಕ್ಕಾಗಿ ಅರ್ಜಿ ಹಾಕಬಹುದು. ನೋಡಿಕೊಳ್ಳುವವರ ಭತ್ಯೆಯ ಮಾತು 24ನೇ ಸೆಕ್ಷನ್‌ನಲ್ಲಿದೆ. ಆದರೆ ನಿಮ್ಮ ತಂಗಿಯ ಮಗನಿಗೆ ಸಿಗುವಂತೆ, ತನ್ನ ಪಾಲಿನ ಮೊತ್ತ ಇಷ್ಟು, ಅದನ್ನು ಹೀಗೆ ಬಳಸುತ್ತೇನೆ ಅನ್ನುವ ಹಕ್ಕು ಇನ್ನೂ ಬಂದಿಲ್ಲ. ಅದನ್ನು ನಾವು ಕೇಳಲೇಬೇಕು.

ಈಗಲೇ ಕೈಗೆಟುಕುವುದು ಗ್ರಾಮ ಪಂಚಾಯಿತಿಯಲ್ಲಿ ವಿಕಲಚೇತನರಿಗೆಂದು ತೆಗೆದಿಡುವ ಶೇ 5ರ ಹಣ. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಮನೆಗೆ ಕರೆಯಿರಿ. ಗ್ರಾಮಸಭೆಗೆ ಮುಂಚೆಯೇ ಅರ್ಜಿ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಅರ್ಜಿಯಲ್ಲಿ ‘ಸಹಾಯ ಬೇಕು’ ಅಂತ ಸುಮ್ನೆ ಬರೆಯಬೇಡಿ. ಮೆಟ್ಟಿಲಿನ ಪಕ್ಕ ಕೈಹಿಡಿ ಬೇಕೋ, ಬಚ್ಚಲಿಗೆ ಕುರ್ಚಿ ಬೇಕೋ, ಅದನ್ನೇ ಬರೆಯಿರಿ.

ಅಕ್ಕ, ತಪ್ಪು ತಿಳಿಯಬೇಡಿ. ನಿಮ್ಮ ಪತ್ರ ನಾಲ್ಕು ಪುಟ ಇದೆ. 24 ವರ್ಷ ನೀವು ಪಟ್ಟ ಪಾಡು ಅದರಲ್ಲಿದೆ, ಓದಿ ಕಣ್ಣು ತುಂಬಿತು. ಆದರೆ ಮಗಳಿಗೆ ಏನು ಬೇಕು ಅನ್ನುವುದು ಎಲ್ಲಿಯೂ ಇಲ್ಲ. ಬೇಕಾದದ್ದಕ್ಕೆ ಅವಳು ಕಣ್ಣು ಮೇಲೆತ್ತುತ್ತಾಳೆ ಎಂದು ಬರೆದಿದ್ದೀರಿ. ಹಾಗಾದರೆ ಒಂದು ರಟ್ಟಿನ ಮೇಲೆ ಚಿತ್ರಗಳನ್ನು ಅಂಟಿಸಿ: ಅಂಗಳ, ಬಸ್ಸು, ಟಿವಿ, ಚಿಕ್ಕಮ್ಮನ ಮನೆ, ಸಂತೆ. ಒಂದೊಂದನ್ನೇ ತೋರಿಸಿ, ಅವಸರ ಮಾಡಬೇಡಿ. ಅವಳು ಯಾವುದಕ್ಕೆ ಕಣ್ಣೆತ್ತಿದಳು ಅಂತ ನಮಗೂ ಬರೆಯಿರಿ.

– ಸಂಪಾದಕ